ಪದಚರ್ಚೆ: ‘ನೂರು ವರ್ಷಕ್ಕೊಮ್ಮೆ’ ಅಂದರೆ ಏನರ್ಥ?

ಗೆಳೆಯರೇ, ನಮಸ್ಕಾರ.

ಮಡಿಕೇರಿಯಲ್ಲಿ ಡಿಗ್ರಿ ಮಕ್ಕಳಿಗೆ ಸಂಖ್ಯಾಶಾಸ್ತ್ರ ಹೇಳಿಕೊಡುತ್ತೇನೆ. ಸಂಭವನೀಯತೆಯ ಪಾಠಕ್ಕೆ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ನನ್ನನ್ನು ಕಾಡುತ್ತಿರುವುದು ದೊಡ್ಡ ಪಾರಿಭಾಷಿಕ ಪದವಲ್ಲ. ದಿನಾ ಬಾಯಲ್ಲಿ ಬರುವ ‘-ಕ್ಕೊಮ್ಮೆ’.

2018ರ ಆಗಸ್ಟ್‌ನಲ್ಲಿ ಇಲ್ಲಿ ಗುಡ್ಡಗಳು ಕುಸಿದಾಗ ‘ಇಂಥ ಮಳೆ ನೂರು ವರ್ಷಕ್ಕೊಮ್ಮೆ’ ಅನ್ನುವ ಮಾತು ಎಲ್ಲ ಕಡೆ ಕೇಳಿಬಂತು. ಕೇಳಿದವರು ‘ಬರಬೇಕಾದ್ದು ಬಂದು ಹೋಯ್ತು, ಇನ್ನು ನಮ್ಮ ಕಾಲಕ್ಕಿಲ್ಲ’ ಅಂದುಕೊಂಡರು. ಹಾಗೆ ಅಂದುಕೊಂಡಿದ್ದು ಅವರ ತಪ್ಪಲ್ಲ. ಆ ಮಾತಿನ ಕನ್ನಡವೇ ಹಾಗಿದೆ. 2019ರ ಆಗಸ್ಟ್‌ನಲ್ಲಿ ಮತ್ತೆ ಗುಡ್ಡ ಕುಸಿಯಿತು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯಲ್ಲಿ ಬೆಟ್ಟ ಜಾರಿ ಅರ್ಚಕರ ಮನೆಯೇ ಮಣ್ಣಿನಡಿ ಹೋಯಿತು. ಮೂರೂ ವರ್ಷದ ಮಳೆ ನೂರು ವರ್ಷದ್ದು ಅಂತ ನಾನು ಹೇಳುತ್ತಿಲ್ಲ. ಗುಡ್ಡ ಕುಸಿಯಲು ಮಳೆಯೊಂದೇ ಕಾರಣವೂ ಅಲ್ಲ. ನನ್ನ ಪ್ರಶ್ನೆ ಆ ಮಾತಿನದ್ದು ಮಾತ್ರ.

ಲೆಕ್ಕದವರು ‘ನೂರು ವರ್ಷದ ಮಳೆ’ ಅಂದಾಗ ಹೇಳುವುದು ಇಷ್ಟೇ: ಯಾವುದೇ ಒಂದು ವರ್ಷದಲ್ಲಿ ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಮಳೆ ಬರುವ ಸಾಧ್ಯತೆ ನೂರರಲ್ಲಿ ಒಂದು ಪಾಲು. ಹೋದ ವರ್ಷ ಬಂದಿದ್ದರೂ ಈ ವರ್ಷ ಅದೇ ಒಂದು ಪಾಲು. ಎಂಬತ್ತು ವರ್ಷದಿಂದ ಬಾರದಿದ್ದರೂ ಅಷ್ಟೇ.

ಆದರೆ ಕನ್ನಡದಲ್ಲಿ ‘ವಾರಕ್ಕೊಮ್ಮೆ ಸಂತೆ’ ಅಂದರೆ ಇವತ್ತು ನಡೆದದ್ದು ನಾಳೆ ಇಲ್ಲ ಅಂತಲೇ ಅರ್ಥ, ಅಲ್ವಾ? ನಮ್ಮ ಮಾಂದಲಪಟ್ಟಿ ಕಡೆಯ ಬೆಟ್ಟಗಳಲ್ಲಿ 2021ರಲ್ಲಿ ನೀಲಕುರಿಂಜಿ ಅರಳಿತ್ತು. ಅದು ‘12 ವರ್ಷಕ್ಕೊಮ್ಮೆ’. ಅಲ್ಲಿ ಈ ಮಾತು ಸರಿಯಾಗಿ ಕೂರುತ್ತದೆ. ಯಾಕೆಂದರೆ ಒಮ್ಮೆ ಹೂಬಿಟ್ಟ ಗಿಡ ಬೀಜ ಉದುರಿಸಿ ಒಣಗುತ್ತದೆ. ಆ ಬೀಜ ಮೊಳೆತು ಬಲಿತು ಮತ್ತೆ ಹೂಬಿಡಲು ಅಷ್ಟು ವರ್ಷ ಬೇಕೇ ಬೇಕು. ಗಿಡದ ಒಳಗೇ ಒಂದು ಸರದಿ ಇದೆ. ಮಳೆಗೆ ಆ ಸರದಿ ಇಲ್ಲ. ಎರಡಕ್ಕೂ ನಾವು ಹಚ್ಚುವ ಮಾತು ಮಾತ್ರ ಒಂದೇ.

ಮಕ್ಕಳ ಮುಂದೆ ಲೆಕ್ಕ ಹಾಕಿದಾಗ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಪ್ರತಿ ವರ್ಷದ ಸಾಧ್ಯತೆ ನೂರರಲ್ಲಿ ಒಂದು, ಒಂದು ವರ್ಷಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲ ಅಂತ ಇಟ್ಟುಕೊಳ್ಳಿ. ಪೂರ್ತಿ 100 ವರ್ಷ ತೆಗೆದುಕೊಂಡರೆ ಒಮ್ಮೆಯೂ ಬಾರದಿರುವ ಸಾಧ್ಯತೆ ಸುಮಾರು ಶೇಕಡಾ 37. ಸರಿಯಾಗಿ ಒಂದೇ ಸಲ ಬರುವುದೂ ಸುಮಾರು ಶೇಕಡಾ 37. ಎರಡು ಅಥವಾ ಹೆಚ್ಚು ಸಲ ಬರುವುದು ಉಳಿದ 26. ಅಂದರೆ ‘ನೂರು ವರ್ಷಕ್ಕೊಮ್ಮೆ’ ಬರುವ ಮಳೆ ನೂರು ವರ್ಷದಲ್ಲಿ ಒಮ್ಮೆಯೇ ಬರುವುದಕ್ಕಿಂತ ಬೇರೆ ಥರ ಆಗುವ ಸಾಧ್ಯತೆಯೇ ಜಾಸ್ತಿ! ಇಳಿಜಾರಿನಲ್ಲಿ ಮನೆ ಕಟ್ಟಿ 30 ವರ್ಷ ಬಾಳುವವರ ಲೆಕ್ಕ ಹಾಕಿ. ಅಷ್ಟರೊಳಗೆ ಒಮ್ಮೆಯಾದರೂ ಅಂಥ ಮಳೆ ನೋಡುವ ಸಾಧ್ಯತೆ ಸುಮಾರು ಶೇಕಡಾ 26. ನಾಲ್ಕರಲ್ಲಿ ಒಂದಕ್ಕಿಂತ ತುಸು ಹೆಚ್ಚು. ‘ನೂರು ವರ್ಷಕ್ಕೊಮ್ಮೆ’ ಅಂತ ಕೇಳಿದ ಯಾರಿಗೂ ಇಷ್ಟು ಅಪಾಯ ಇದೆ ಅಂತ ಅನ್ನಿಸುವುದಿಲ್ಲ. ಇದಕ್ಕೇ ನಾನು ಇಷ್ಟು ತಲೆಕೆಡಿಸಿಕೊಂಡಿರುವುದು.

ಹವಾಮಾನವೇ ಬದಲಾಗುತ್ತಿದ್ದರೆ ಆ ‘ಒಂದು ಪಾಲು’ ಕೂಡ ಹಾಗೇ ಉಳಿಯುವುದಿಲ್ಲ. ಅದು ಬೇರೆ ಮಾತು.

ಇದೇ ತೊಡಕು ‘ಹತ್ತಕ್ಕೊಂದು’ ಎನ್ನುವಲ್ಲೂ ಇದೆ. ಕಾಫಿ ಹಣ್ಣನ್ನು ಹಿಚುಕಿದರೆ ಸಾಮಾನ್ಯವಾಗಿ ಎರಡು ಬೀಜ, ಚಪ್ಪಟೆ ಮುಖಕ್ಕೆ ಮುಖ ಕೊಟ್ಟುಕೊಂಡು ಕೂತಿರುತ್ತವೆ. ಕೆಲವು ಹಣ್ಣಿನಲ್ಲಿ ಮಾತ್ರ ಒಂದೇ ಬೀಜ, ಗುಂಡಗೆ. ಅದೇ ಪೀಬೆರಿ. ಲೆಕ್ಕಕ್ಕಾಗಿ ಹತ್ತಕ್ಕೊಂದು ಪೀಬೆರಿ ಅಂತ ಇಟ್ಟುಕೊಳ್ಳೋಣ. ಕೊಯ್ಲಿನ ಕಾಲದಲ್ಲಿ ತರಗತಿಯ ಪ್ರತಿಯೊಬ್ಬರಿಗೂ ಹತ್ತು ಹತ್ತು ಹಣ್ಣು ಕೊಟ್ಟು ಹಿಚುಕಿಸಿ. ಎಲ್ಲರ ಅಂಗೈಯಲ್ಲೂ ಒಂದೊಂದು ಗುಂಡು ಬೀಜ ಇರುತ್ತದೆಯೇ? ಇಲ್ಲ. ನೂರಕ್ಕೆ 35 ಮಂದಿಗೆ ಒಂದೂ ಸಿಗದಿರಬಹುದು, 39 ಮಂದಿಗೆ ಒಂದು, 26 ಮಂದಿಗೆ ಎರಡು ಅಥವಾ ಹೆಚ್ಚು. ಹೀಗೆ ಎಷ್ಟು ಸಲ ಆಗುವುದಕ್ಕೆ ಎಷ್ಟು ಸಾಧ್ಯತೆ ಅಂತ ಹೇಳುವ ಈ ಲೆಕ್ಕವನ್ನು ಪಾಠದಲ್ಲಿ ದ್ವಿಪದ ವಿತರಣೆ ಅನ್ನುತ್ತೇವೆ. ಅಪರೂಪಕ್ಕೆ ಆಗುವ ಘಟನೆಗಳಿಗೆ ಫ್ರಾನ್ಸಿನ ಗಣಿತಜ್ಞ ಪ್ವಾಸೋನ್ 1837ರಲ್ಲಿ ಪ್ರಕಟಿಸಿದ ಸೂತ್ರ ಬಳಸುತ್ತೇವೆ. ನೂರು ವರ್ಷದ ಮಳೆಗೆ ಅದನ್ನು ಹಾಕಿದರೂ ಮೇಲಿನ ಅಂಕಿಗಳೇ ಹೆಚ್ಚುಕಡಿಮೆ ಬರುತ್ತವೆ.

‘ವಿತರಣೆ’ ಪದದ ಬಗ್ಗೆ ಒಂದು ಮಾತು. ವಿತರಣೆ ಅಂದ ಕೂಡಲೇ ಮಕ್ಕಳಿಗೆ ಪಡಿತರ ನೆನಪಾಗುತ್ತದೆ, ಬಹುಮಾನ ನೆನಪಾಗುತ್ತದೆ. ನನಗೆ ‘ಹಂಚಿಕೆ’ ಇಷ್ಟ. ಇಡೀ ಸಾಧ್ಯತೆ ಒಂದು, ಅದು ಸೊನ್ನೆಗೆ ಇಷ್ಟು, ಒಂದಕ್ಕೆ ಇಷ್ಟು, ಎರಡಕ್ಕೆ ಇಷ್ಟು ಅಂತ ಪಾಲಾಗಿದೆ. ಅಣ್ಣತಮ್ಮಂದಿರ ಆಸ್ತಿಯ ಹಾಗೆ, ಎಲ್ಲರ ಪಾಲು ಸೇರಿದರೆ ಮೊದಲಿನದ್ದೇ ಬರಬೇಕು. ಇದಕ್ಕೆ ವಿರೋಧ ಇದ್ದವರು ದಯವಿಟ್ಟು ಬರೆಯಿರಿ.

ಮುಖ್ಯ ಪ್ರಶ್ನೆಗೆ ಬರುತ್ತೇನೆ. ಸರದಿಯಂತೆ ಬರುವುದಕ್ಕೂ ಸರಾಸರಿಗೆ ಅಷ್ಟು ಬೀಳುವುದಕ್ಕೂ ಬೇರೆ ಬೇರೆ ಮಾತು ಕನ್ನಡದಲ್ಲಿ ಇದೆಯೇ? ‘ಆಗೊಮ್ಮೆ ಈಗೊಮ್ಮೆ’ ಅಂದರೆ ಹೊತ್ತುಗೊತ್ತಿಲ್ಲದೆ ಬರುವುದು ಸ್ಪಷ್ಟ, ಆದರೆ ಎಷ್ಟು ಅಂತ ಗೊತ್ತಾಗುವುದಿಲ್ಲ. ‘ನೂರು ವರ್ಷಕ್ಕೊಮ್ಮೆ’ಯಲ್ಲಿ ಎಷ್ಟು ಅಂತ ಇದೆ, ಹೊತ್ತುಗೊತ್ತಿಲ್ಲ ಅನ್ನುವುದು ಇಲ್ಲ. ಎರಡೂ ಒಟ್ಟಿಗೆ ಬೇಕು. ‘ನೂರು ವರ್ಷಕ್ಕೆ ಒಂದರ ಲೆಕ್ಕದಲ್ಲಿ’ ಅಂತ ಬರೆದು ನೋಡಿದೆ. ‘ಲೆಕ್ಕದಲ್ಲಿ’ ಸೇರಿದ್ದರಿಂದ ಇದು ಸರಾಸರಿ ಅನ್ನುವುದು ಹೊಳೆಯುತ್ತದೆ, ಆದರೂ ಸರದಿಯ ವಾಸನೆ ಪೂರ್ತಿ ಹೋಗುವುದಿಲ್ಲ. ‘ಪ್ರತಿ ವರ್ಷವೂ ನೂರರಲ್ಲೊಂದು ಪಾಲು’ ಅನ್ನುವುದು ಅರ್ಥಕ್ಕೆ ಹತ್ತಿರ. ನನ್ನ ಒಲವು ಇದರ ಕಡೆಗೇ. ‘ಪ್ರತಿ ವರ್ಷವೂ’ ಅನ್ನುವ ಮಾತು ಕಿವಿಗೆ ಬಿದ್ದರೆ ಯಾರೂ ಸುಮ್ನೆ ಕೂರುವುದಿಲ್ಲ. ಪತ್ರಿಕೆಯ ತಲೆಬರಹಕ್ಕೆ ಇದು ಉದ್ದವಾಯಿತು ಅನ್ನುವುದು ನಿಜ.

ಇಲ್ಲಿನ ತೋಟಗಳಲ್ಲಿ ಮಳೆಯನ್ನು ಇಂಚು, ಸೆಂಟ್ (ಇಂಚಿನ ನೂರರಲ್ಲೊಂದು ಪಾಲು) ಲೆಕ್ಕದಲ್ಲಿ ಅಳೆದು ವರ್ಷಗಟ್ಟಲೆ ಪುಸ್ತಕದಲ್ಲಿ ಬರೆದಿಡುವ ಹಿರಿಯರಿದ್ದಾರೆ. ಅಂಥವರು ದೊಡ್ಡ ಮಳೆಯ ಬಗ್ಗೆ ಯಾವ ಮಾತು ಬಳಸುತ್ತಾರೆ ಅಂತ ತಿಳಿಯುವ ಆಸೆ ನನಗಿದೆ. ಕೊಡವ ತಕ್ಕ್, ಅರೆಭಾಷೆ ಆಡುವವರು ಬಳಗದಲ್ಲಿದ್ದರೆ ನಿಮ್ಮ ಮನೆಮಾತಿನಲ್ಲಿ ‘ಸರದಿಯಂತೆ’ ಮತ್ತು ‘ಸರಾಸರಿಗೆ’ ಎರಡನ್ನೂ ಬೇರೆ ಮಾಡಿ ಹೇಳುತ್ತೀರಾ, ಹೇಗೆ ಹೇಳುತ್ತೀರಿ, ಒಂದೆರಡು ವಾಕ್ಯ ಬರೆದು ತಿಳಿಸಿ.