ನಮ್ಮ ಕರಿಯನಿಗೆ ಡ್ರೈ ಫುಡ್ಡೋ, ಫ್ರೆಶ್ ಪ್ಯಾಕೆಟ್ಟೋ?

ಕೋಥರೂಡ್ ಅಮ್ಮ: ಪುಣೆಯಲ್ಲಿದ್ದೇವೆ. ಕರಿಯ ಲ್ಯಾಬ್ರಡಾರ್, ನಾಲ್ಕು ವರ್ಷ, 28 ಕಿಲೋ. ಇಷ್ಟು ದಿನ ಡ್ರೈ ಫುಡ್ಡೇ. ಈ ಮಳೆಗೆ ಚೀಲದ ಬಾಯಿಗೆ ಬಟ್ಟೆ ಕ್ಲಿಪ್ ಹಾಕಿಟ್ಟರೂ ಕಾಳು ಮೆತ್ತಗಾಗಿದೆ, ಮೊನ್ನೆ ತಳದಲ್ಲಿ ಇರುವೆ ಸಾಲು ಬೇರೆ. ಬೇಯಿಸಿ, ಫ್ರೀಜ್ ಮಾಡಿ ಮನೆಗೆ ತಂದುಕೊಡುವ ಫ್ರೆಶ್ ಫುಡ್ ತರಿಸೋಣ ಅಂತ ಮಗಳ ಹಟ. ಯಾರಾದರೂ ಬದಲಾಯಿಸಿದ್ದೀರಾ? ಚೀಲ ಭಾನುವಾರಕ್ಕೆ ಮುಗಿಯುತ್ತೆ.

ಬಾಣೇರ್ ಬೀಗಲ್: ಎಂಟು ತಿಂಗಳಾಯ್ತು ನಾವು ಬದಲಾಯಿಸಿ, ನಾಯಿ ಮೈ ಕನ್ನಡಿ ಥರ ಹೊಳೀತಿದೆ. ಡ್ರೈ ಫುಡ್ ಅಂದರೆ ಹಿಟ್ಟನ್ನು ಮಷೀನಲ್ಲಿ ಕುರುಕಲು ತಿಂಡಿ ಥರ ಉಬ್ಬಿಸಿ, ಮೇಲೆ ಕೊಬ್ಬು ಸಿಂಪಡಿಸಿದ್ದು ಅಷ್ಟೆ. 2007ರಲ್ಲಿ ಅಮೆರಿಕದಲ್ಲಿ ಮೆಲಮಿನ್ ಅನ್ನೋ ಪ್ಲಾಸ್ಟಿಕ್ ತಯಾರಿಕೆಯ ರಾಸಾಯನಿಕ ಬೆರೆತ ಗೋಧಿ ಗ್ಲುಟೆನ್ (ಗೋಧಿಯ ಪ್ರೋಟೀನ್) ತಿಂದು ನಾಯಿ, ಬೆಕ್ಕುಗಳ ಕಿಡ್ನಿ ಹೋಗಿದ್ದು ಮರೆತುಬಿಟ್ರಾ?

ಡೊಂಬಿವಲಿ ಡಬಲ್ ಫಾಸ್ಟ್: ಅರ್ಧ ಮರೆತಿರೋದು ನೀವು. ಆಗ ಕಂಪನಿಗಳು ವಾಪಸ್ ತರಿಸಿಕೊಂಡಿದ್ದರಲ್ಲಿ ಬಹುಪಾಲು ಗ್ರೇವಿ ಡಬ್ಬಿ, ಪೌಚು. ಒಣ ಕಾಳು ಸ್ವಲ್ಪವೇ.

ಬಾಣೇರ್ ಬೀಗಲ್: "ಸ್ವಲ್ಪವೇ" ಅಂದಮೇಲೆ ಇತ್ತು ಅಂತಾಯ್ತಲ್ಲ ಸರ್. ಮತ್ತೆ 2018ರಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ನಾಯಿಗಳ ಹೃದಯದ ಕಾಯಿಲೆ ಬಗ್ಗೆ ತನಿಖೆ ಶುರು ಮಾಡಿದ್ದು ಯಾವ ಆಹಾರದ ಮೇಲೆ?

ಡೊಂಬಿವಲಿ ಡಬಲ್ ಫಾಸ್ಟ್: ಧಾನ್ಯ ಹಾಕದೆ ಬಟಾಣಿ, ಬೇಳೆ ತುಂಬಿದ ಆಹಾರದ ಮೇಲೆ. ಅದೂ ಸಾಬೀತಾಗಲಿಲ್ಲ. ಮಹತ್ವದ ಹೊಸ ಮಾಹಿತಿ ಸಿಗುವವರೆಗೆ ಮತ್ತೇನೂ ಹೇಳಲ್ಲ ಅಂತ 2022ರ ಡಿಸೆಂಬರಿನಲ್ಲಿ ಅವರೇ ಸುಮ್ಮನಾದರು. ಅದು ಬಿಡಿ, ನಿಮ್ಮ ಫ್ರೆಶ್ ಪ್ಯಾಕೆಟ್ ತಿರುಗಿಸಿ ಓದಿದ್ದೀರಾ? ಪ್ರೋಟೀನ್ 11%. ನನ್ನ ಚೀಲದ ಮೇಲೆ 24%. ಮಾತು ಮುಗೀತು.

ಮಾಟುಂಗಾ ಮಾರಾಯ್ರು: ಎಂತ ಮುಗಿಯೋದು ಮಾರಾಯ್ರೆ? ನೀರು ತೆಗೆದು ಲೆಕ್ಕ ಹಾಕಬೇಕು. ಅಕ್ಕಿ ಒಂದೇ ಅಂತ ಅಕ್ಕಿಹಿಟ್ಟನ್ನೂ ನೀರು ದೋಸೆ ಹಿಟ್ಟನ್ನೂ ಒಂದೇ ತಕ್ಕಡಿಗೆ ಹಾಕ್ತೀರಾ? ಫ್ರೆಶ್‌ನಲ್ಲಿ ನೀರು 72%, ಉಳಿದದ್ದು 28. ಆ 28ರಲ್ಲಿ 11 ಅಂದ್ರೆ 39% ಆಯ್ತು. ನಿಮ್ಮ ಕಾಳಿನಲ್ಲಿ ನೀರು 10%, ಹಾಗಾಗಿ 24 ಹೋಗಿ ಹೆಚ್ಚೆಂದ್ರೆ 27 ಆದೀತು. ನಲವತ್ತು ವರ್ಷ ಹಿಟ್ಟು ರುಬ್ಬಿದವನಿಗೆ ಇಷ್ಟು ಗೊತ್ತಾಗ್ತದೆ.

ಡೊಂಬಿವಲಿ ಡಬಲ್ ಫಾಸ್ಟ್: "ನೀರು 72%" ಅಂತ ನೀವೇ ಒಪ್ಪಿಕೊಂಡ್ರಿ, ಥ್ಯಾಂಕ್ಸ್. ನನ್ನ ಕಾಳು 100 ಗ್ರಾಂಗೆ 360 ಕ್ಯಾಲರಿ, ಫ್ರೆಶ್ 130. ದಿನಕ್ಕೆ 300 ಗ್ರಾಂ ಕಾಳು ತಿನ್ನೋ ನಾಯಿಗೆ ಫ್ರೆಶ್ ಆದ್ರೆ 830 ಗ್ರಾಂ ಬೇಕು. ವಾರಕ್ಕೆ ಸುಮಾರು ಆರು ಕಿಲೋ! ಒನ್ ಬಿಎಚ್‌ಕೆ ಮನೆಯ ಫ್ರೀಜರಲ್ಲಿ ಎಲ್ಲಿಡೋದು, ತಲೆ ಮೇಲಾ?

ಮಾಟುಂಗಾ ಮಾರಾಯ್ರು: ನಮ್ಮಲ್ಲಿ ಬಂಗುಡೆ ಎಡಕ್ಕೆ, ನಾಯಿ ಪ್ಯಾಕೆಟ್ ಬಲಕ್ಕೆ. ಒಮ್ಮೆ ಹೆಂಡತಿ ಅವಸರದಲ್ಲಿ ತಪ್ಪು ಪ್ಯಾಕೆಟ್ ಕರಗಿಸಿ ಮಸಾಲೆ ಅರೆದಿಟ್ಟಿದ್ದಳು. ಅದು ಬೇರೆ ಕತೆ.

ಘಟಪ್ರಭೆ ಹುಡುಗ (ಈಗ ಹಡಪಸರ): ಏನ್ ಲೆಕ್ಕ ಹಚ್ಚೀರಿಪಾ! ನಮ್ಮ ಊರಾಗ ಮುಧೋಳ ನಾಯಿಗೆ ಜೋಳದ ರೊಟ್ಟಿ ಮುರದು ಹಾಲಾಗ ಕಲಸಿ ಹಾಕ್ತಾರ. ಮೊಲದ ಬೆನ್ನು ಹತ್ತಿದ್ರ ಕಣ್ಣಿಗೆ ಕಾಣಂಗಿಲ್ಲ. ಪ್ಯಾಕೆಟ್ ಯಾಕ ಬೇಕ್ರಿ?

ಡೊಂಬಿವಲಿ ಡಬಲ್ ಫಾಸ್ಟ್: ಸರಿಯಾಗಿ ಹೇಳಿದ್ರಿ. ತೋಳಕ್ಕಿಂತ ನಾಯಿಗೆ ಪಿಷ್ಟ ಚೆನ್ನಾಗಿ ಅರಗುತ್ತೆ ಅಂತ 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಜೀನ್ ನೋಡಿಯೇ ಹೇಳಿದ್ದಾರೆ. ಅಂದ್ರೆ ಕಾಳಿನಲ್ಲಿ ಧಾನ್ಯ ಇದ್ದರೆ ತಪ್ಪೇನಿಲ್ಲ.

ಸದಾಶಿವ ಪೇಠೆ ಕನ್ನಡಿಗ: ಒಂದು ತಿದ್ದುಪಡಿ. ಆ ತಳಿಯ ಹೆಸರು "ಮುಧೋಳ" ಅಲ್ಲ, ಕಾರವಾನ್ ಹೌಂಡ್. ಕೆನಲ್ ಕ್ಲಬ್ ಆಫ್ ಇಂಡಿಯಾ ಕೂಡ ಹಾಗೇ ದಾಖಲಿಸೋದು.

ಘಟಪ್ರಭೆ ಹುಡುಗ (ಈಗ ಹಡಪಸರ): ಏನಂದ್ರಿ? 2005ರಾಗ ಅಂಚೆ ಇಲಾಖೆ ಚೀಟಿ ತಗೀತಲ್ಲ, ಅದರ ಮ್ಯಾಲ ಏನ್ ಬರದೈತಿ ಓದ್ರಿ. ಮುಧೋಳ ಹೌಂಡ್! ಇನ್ನೊಂದು ಕ್ಲಬ್ಬು, ಇಂಡಿಯನ್ ನ್ಯಾಷನಲ್ ಕೆನಲ್ ಕ್ಲಬ್, ಅದೂ ಮುಧೋಳ ಅಂತನ ಬರ್ಕೋತದ. ನಿಮಗ ಬೇಕಾದ ಕ್ಲಬ್ ಅಷ್ಟ ಕಾಣ್ತದೇನು?

ಸದಾಶಿವ ಪೇಠೆ ಕನ್ನಡಿಗ: ಅಂಚೆ ಚೀಟಿ ಪ್ರಾಣಿಶಾಸ್ತ್ರದ ಗ್ರಂಥ ಅಲ್ಲ. ಬ್ರಿಟನ್ನಿನ ಐದನೇ ಜಾರ್ಜ್‌ಗೆ ಈ ನಾಯಿಗಳನ್ನು ಕೊಟ್ಟ ಮುಧೋಳದ ಘೋರ್ಪಡೆ ದೊರೆಗಳು ಮರಾಠಾ ಮನೆತನ. ಮುಧೋಳ 1956ರವರೆಗೆ ಮುಂಬೈ ರಾಜ್ಯದಲ್ಲೇ ಇತ್ತು.

ಘಟಪ್ರಭೆ ಹುಡುಗ (ಈಗ ಹಡಪಸರ): 1956 ಅಂತ 1956! ರನ್ನ ಹುಟ್ಟಿದ ಊರ್ರಿ ಅದು, ಸಾವಿರ ವರ್ಷದ ಹಿಂದ. ಆವಾಗ ಎಲ್ಲಿತ್ತು ನಿಮ್ಮ ಮುಂಬೈ ರಾಜ್ಯ? ಪುಣೆ ನೀರು ಕುಡದು ಕನ್ನಡಿಗ ಅಂತ ಹೆಸರು ಇಟ್ಕೊಂಡು ಇದ ಮಾತಾ?

ಸದಾಶಿವ ಪೇಠೆ ಕನ್ನಡಿಗ: ರನ್ನ ನಾಯಿ ಸಾಕಿದ್ದಕ್ಕೆ ಆಧಾರ ಕೊಡಿ. ನೀರಿನ ವಿಷಯಕ್ಕೆ ಬರಬೇಡಿ, ಮೂರು ತಲೆಮಾರಿನಿಂದ ಮನೆಯಲ್ಲಿ ಕನ್ನಡವೇ.

ಮಾಟುಂಗಾ ಮಾರಾಯ್ರು: ಪಾಪ ಆ ಅಮ್ಮನ ನಾಯಿ ಲ್ಯಾಬ್ರಡಾರ್ ಮಾರಾಯ್ರೆ.

ಬಾಣೇರ್ ಬೀಗಲ್: ರೊಟ್ಟಿ ಹಾಲು ಅಂದವರಿಗೆ: ಕ್ಯಾಲ್ಸಿಯಂ, ರಂಜಕದ ಪ್ರಮಾಣ ಯಾರು ನೋಡ್ತಾರೆ? ಪ್ಯಾಕೆಟ್ ಮೇಲೆ ಪರಿಪೂರ್ಣ, ಸಮತೋಲಿತ ಅಂತ ಇರಬೇಕು.

ಡೊಂಬಿವಲಿ ಡಬಲ್ ಫಾಸ್ಟ್: ಅದನ್ನೇ ನಾನು ಡ್ರೈ ಫುಡ್ ಬಗ್ಗೆ ಹೇಳ್ತಿರೋದು!! ಫ್ರೆಶ್ ಅಂತ ಮಾರುವ ಕೆಲವು ಸಣ್ಣ ಅಡುಗೆಮನೆಗಳ ಪ್ಯಾಕೆಟ್ ಮೇಲೆ ಆ ಸಾಲು ಹುಡುಕಿ ತೋರಿಸಿ.

ಬಾಣೇರ್ ಬೀಗಲ್: "ಕೆಲವು" ಅಂದ್ರಿ. ಎಲ್ಲ ಅನ್ನಲಿಲ್ಲ.

ಕೋಥರೂಡ್ ಅಮ್ಮ: ಭಾನುವಾರ ಬಂದೇ ಬಿಡ್ತು. ದೊಡ್ಡ ಚೀಲ ಬಿಟ್ಟು 3 ಕಿಲೋದ್ದು ತಂದು ಸ್ಟೀಲ್ ಡಬ್ಬಿಗೆ ಸುರಿದೆ. ಮಗಳ ಸಮಾಧಾನಕ್ಕೆ ನಾಲ್ಕು ಫ್ರೆಶ್ ಪ್ಯಾಕೆಟ್ಟೂ ಬಂದಿದೆ. ಒಂದು ಚಮಚ ಬೆರೆಸಿ ಕೊಟ್ಟರೆ ಕರಿಯ ಮೇಲಿನದನ್ನಷ್ಟೇ ನೆಕ್ಕಿ, ಕಾಳನ್ನು ಒಂದೊಂದಾಗಿ ಹೆಕ್ಕಿ ನೆಲಕ್ಕಿಟ್ಟ.

ಬಾಣೇರ್ ಬೀಗಲ್: ನೋಡಿದ್ರಾ? ನಾಯಿಯೇ ತೀರ್ಪು ಕೊಟ್ಟಿತು.

ಡೊಂಬಿವಲಿ ಡಬಲ್ ಫಾಸ್ಟ್: ಜಿಲೇಬಿ ಬೆರೆಸಿದ್ರೂ ಹಾಗೇ ಮಾಡುತ್ತೆ. ಅಮ್ಮಾ, ಡಬ್ಬಿಗೆ ಸುರಿಯಬೇಡಿ. ಚೀಲದ ಸಮೇತ ಡಬ್ಬಿಯೊಳಗಿಡಿ, ಬ್ಯಾಚ್ ನಂಬರೂ ಇರುತ್ತೆ. ಬದಲಾಯಿಸೋದಾದ್ರೆ ಹತ್ತು ದಿನ ಹಿಡಿದು ನಿಧಾನಕ್ಕೆ. ಬದಲಾಯಿಸಿ ಅಂತ ನಾನು ಹೇಳ್ತಿಲ್ಲ.

ಸದಾಶಿವ ಪೇಠೆ ಕನ್ನಡಿಗ: ರನ್ನನ ಬಗ್ಗೆ ಆಧಾರ ಇನ್ನೂ ಬಂದಿಲ್ಲ.

ಘಟಪ್ರಭೆ ಹುಡುಗ (ಈಗ ಹಡಪಸರ): ಹಡಪಸರಕ್ಕ ಬರ್ರಿ. ನನ್ನ ನಾಯಿಗೆ "ಕಾರವಾನ್" ಅಂತ ಕರೀರಿ, ತಿರುಗಿ ನೋಡ್ತದೇನು ನೋಡೂಣು.