ಅಪ್‌ಡೇಟ್: ಇನ್ಸುಲಿನ್ ಸೂಜಿಗಳಿಗೆ ದಾರಿ ಸಿಕ್ಕಿತು

ಇಂಗ್ಲೆಂಡ್‌ನಿಂದ ನಾಲ್ಕು ತಿಂಗಳಿಗೆ ಮೈಸೂರಿಗೆ ಬಂದಿದ್ದೀನಿ, ಬಳಸಿದ ಇನ್ಸುಲಿನ್ ಸೂಜಿಗಳನ್ನು ಇಲ್ಲಿ ಎಲ್ಲಿ ಹಾಕಲಿ ಅಂತ ಹೋದ ತಿಂಗಳು ನಿಮ್ಮನ್ನೆಲ್ಲ ಕೇಳಿದ್ದೆ. ಇಂಗ್ಲೆಂಡಲ್ಲಾದರೆ ಬಳಸಿದ ಸೂಜಿ ಹಾಕೋಕೆ ಅಂತಲೇ ಡಾಕ್ಟರ್ ಚೀಟಿ ಮೇಲೆ ಹಳದಿ ಡಬ್ಬಿ ಸಿಗುತ್ತೆ. ಇಲ್ಲಿ ಔಷಧಿ ಅಂಗಡಿಯವರು "ಪೇಪರಲ್ಲಿ ಸುತ್ತಿ ಕಸಕ್ಕೆ ಹಾಕಿ ಸಾರ್" ಅಂದುಬಿಟ್ಟರು.

ಮನಸ್ಸು ಒಪ್ಪಲಿಲ್ಲ. ಕುವೆಂಪುನಗರದ ನಮ್ಮ ಬೀದಿಗೆ ಬೆಳಿಗ್ಗೆ ಬರೋ ಪೌರಕಾರ್ಮಿಕ ಅಕ್ಕ ಕಸವನ್ನು ಕೈಯಲ್ಲೇ ಬೇರೆ ಮಾಡ್ತಾರೆ. ಒಂದು ಸೂಜಿ ಚುಚ್ಚಿದರೂ ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಭಯ ಅವರಿಗೆ. ನನಗೇನೂ ಇಲ್ಲ ಅಂತ ನನಗೆ ಗೊತ್ತು, ಅವರಿಗೆ ಹೇಗೆ ಗೊತ್ತಾಗಬೇಕು?

ನೀವು ಹೇಳಿದಂತೆ ದಪ್ಪ ಪ್ಲಾಸ್ಟಿಕ್‌ನ ಡಿಟರ್ಜೆಂಟ್ ಬಾಟಲಿ ಇಟ್ಟೆ. ಚುಚ್ಚಿಕೊಂಡ ತಕ್ಷಣ ಸೂಜಿ ನೇರ ಅದರೊಳಗೆ. ಮುಕ್ಕಾಲು ತುಂಬಿದ ಮೇಲೆ ಮುಚ್ಚಳ ಬಿಗಿದು, ಟೇಪ್ ಸುತ್ತಿ, "ಬಳಸಿದ ಸೂಜಿ" ಅಂತ ಕನ್ನಡದಲ್ಲಿ ದೊಡ್ಡದಾಗಿ ಬರೆದೆ. 2016ರ ಘನತ್ಯಾಜ್ಯ ನಿಯಮದಲ್ಲೂ ಮನೆಯ ಸೂಜಿ, ಸಿರಿಂಜನ್ನು ಅಪಾಯಕಾರಿ ತ್ಯಾಜ್ಯ ಅಂತಲೇ ಹೇಳಿತ್ತು; ಹಸಿ, ಒಣ ಕಸಕ್ಕೆ ಸೇರಿಸುವಂತಿರಲಿಲ್ಲ.

ಈ ಬಾಟಲಿ ತಗೊಳ್ತೀರಾ ಅಂತ ಕ್ಲಿನಿಕ್‌ಗಳಲ್ಲಿ ಕೇಳಿದೆ, ಎರಡು ಕಡೆ ಇಲ್ಲ ಅಂದರು. ಮೂರನೇ ಕ್ಲಿನಿಕ್‌ನ ನರ್ಸ್, ತಮ್ಮ ಸೂಜಿಗಳ ಜೊತೆಗೇ ವಿಲೇವಾರಿಗೆ ಕಳಿಸ್ತೀವಿ ಅಂತ ಒಪ್ಪಿಕೊಂಡರು. ಮೊನ್ನೆ ಮೊದಲ ಬಾಟಲಿ ಕೊಟ್ಟು ಬಂದೆ. ದಾರಿ ತೋರಿಸಿದವರಿಗೆಲ್ಲ ತುಂಬಾ ಥ್ಯಾಂಕ್ಸ್.