ರೂಟ್ ಆದ ಫೋನಿಗೆ ಮೆಮೊರಿ ಕಾರ್ಡಿನಲ್ಲಿ ಎರಡನೇ ಪಾರ್ಟಿಷನ್: ಪ್ರಶ್ನೋತ್ತರ

ಪ್ರಶ್ನೆ: ಮೊದಲ ತಲೆಮಾರಿನ ಮೋಟೊ ಇ ಇದೆ ಸರ್. ಆಂಡ್ರಾಯ್ಡ್ 5.1, ರೂಟ್ ಆಗಿದೆ (ಸಿಸ್ಟಮ್‌ನ ಪೂರ್ತಿ ಹಿಡಿತ ಕೈಗೆ ಸಿಕ್ಕಿದೆ), ಟಿಡಬ್ಲ್ಯುಆರ್‌ಪಿ ಅನ್ನೋ ರಿಕವರಿ ಸಾಫ್ಟ್‌ವೇರೂ ಇದೆ. ಒಳಗಿನ ಸ್ಟೋರೇಜ್ 4 ಜಿಬಿ, ಕೈಗೆ ಸಿಗೋದು ಸುಮಾರು 2.2 ಜಿಬಿ. ನಾಲ್ಕು ಆ್ಯಪ್ ಹಾಕೋಷ್ಟರಲ್ಲಿ ಜಾಗ ಸಾಲಲ್ಲ ಅನ್ನುತ್ತೆ. ಆ್ಯಪ್‌ಗಳನ್ನು ಕಾರ್ಡಿಗೆ ಸಾಗಿಸೋ ಲಿಂಕ್‌ಟುಎಸ್‌ಡಿ ಹಾಕಿದ್ದೀನಿ, ತೆರೆದ ಕೂಡಲೇ ಎರಡನೇ ಪಾರ್ಟಿಷನ್ (ಕಾರ್ಡಿನ ಪ್ರತ್ಯೇಕ ಭಾಗ) ಎಲ್ಲಿ ಅಂತ ಕೇಳುತ್ತೆ. 32 ಜಿಬಿ ಕಾರ್ಡಿನಲ್ಲಿ ಅದಕ್ಕೆ ಎಷ್ಟು ಬಿಡಬೇಕು? ಹೇಗೆ ಮಾಡೋದು?

ಉತ್ತರ: 4 ಜಿಬಿ ಬಿಡಿ, ಸಾಕು. ಅರ್ಧ ಕಾರ್ಡನ್ನೇ ಕೊಡುವವರಿದ್ದಾರೆ, ಅದು ದಂಡ. ಉಚಿತ ಲಿಂಕ್‌ಟುಎಸ್‌ಡಿ ಸಾಗಿಸುವುದು ಎಪಿಕೆ (ಆ್ಯಪ್‌ನ ಮೂಲ ಫೈಲ್), ಡೆಕ್ಸ್ (ಅದರ ಕೋಡ್), ಲೈಬ್ರರಿ ಈ ಮೂರನ್ನು ಮಾತ್ರ. ಆ್ಯಪ್ ಬಳಸುತ್ತಾ ಕೂಡಿಹಾಕುವ ಡೇಟಾ ಒಳಗಿನ ಸ್ಟೋರೇಜಿನಲ್ಲೇ ಉಳಿಯುತ್ತದೆ. ಅದನ್ನೂ ಸಾಗಿಸಬೇಕೆಂದರೆ ದುಡ್ಡು ಕೊಟ್ಟು ಪ್ಲಸ್ ಆವೃತ್ತಿ ಹಾಕಿಕೊಳ್ಳಬೇಕು. ಹಾಗಾಗಿ ಎರಡನೇ ಪಾರ್ಟಿಷನ್ ತುಂಬುವ ಎಷ್ಟೋ ಮುಂಚೆ ಒಳಗಿನ ಸ್ಟೋರೇಜೇ ಡೇಟಾದಿಂದ ತುಂಬಿರುತ್ತದೆ.

ಎರಡನೇ ಪಾರ್ಟಿಷನ್ ಯಾಕೆ ಬೇಕು ಅನ್ನುವುದು ಗೊತ್ತಿದ್ದರೆ ಮುಂದಿನ ಅರ್ಧ ತೊಂದರೆ ತಪ್ಪುತ್ತದೆ. ಆಂಡ್ರಾಯ್ಡಿನಲ್ಲಿ ಪ್ರತಿ ಆ್ಯಪ್‌ಗೂ ಬೇರೆ ಬೇರೆ ಯೂಸರ್ ಐಡಿ. ಯಾವ ಫೈಲ್ ಯಾರದು, ಯಾರು ಓದಬಹುದು ಎಂಬ ಲೆಕ್ಕ ಫೈಲ್ ಸಿಸ್ಟಮ್ಮೇ (ಪಾರ್ಟಿಷನ್‌ನಲ್ಲಿ ಫೈಲುಗಳನ್ನು ಜೋಡಿಸಿಡುವ ವಿಧಾನ) ಇಡಬೇಕು. ಕಾರ್ಡುಗಳಲ್ಲಿ ಸಾಮಾನ್ಯವಾಗಿರುವ ಫ್ಯಾಟ್32ಗೆ ಆ ಲೆಕ್ಕ ಗೊತ್ತಿಲ್ಲ, ಲಿನಕ್ಸ್‌ನ ಎಕ್ಸ್ಟ್4ಗೆ ಗೊತ್ತು. ಲಿಂಕ್‌ಟುಎಸ್‌ಡಿ ಫೈಲನ್ನು ಎಕ್ಸ್ಟ್4 ಪಾರ್ಟಿಷನ್‌ಗೆ ಸಾಗಿಸಿ, ಮೊದಲಿದ್ದ ಜಾಗದಲ್ಲಿ ಒಂದು ಸಿಂಬಾಲಿಕ್ ಲಿಂಕ್ (ಫೈಲ್ ಎಲ್ಲಿದೆ ಎಂದು ತೋರಿಸುವ ಗುರುತು) ಬಿಟ್ಟುಬರುತ್ತದೆ. ಫೋನ್ ಆನ್ ಆಗುವಾಗ ಆ ಪಾರ್ಟಿಷನ್ ಮೌಂಟ್ ಆಗದಿದ್ದರೆ, ಅಂದರೆ ಸಿಸ್ಟಮ್‌ಗೆ ಜೋಡಣೆಯಾಗದಿದ್ದರೆ, ಲಿಂಕ್ ಇರುತ್ತದೆ, ಫೈಲ್ ಸಿಗುವುದಿಲ್ಲ.

ಎಲ್ಲಕ್ಕಿಂತ ಮೊದಲು ಕಾರ್ಡಿನಲ್ಲಿರುವುದನ್ನೆಲ್ಲ ಕಂಪ್ಯೂಟರಿಗೆ ನಕಲು ಮಾಡಿ, ಕಾರ್ಡ್ ಅಸಲಿಯೋ ನೋಡಿ. ವಿಂಡೋಸ್‌ನಲ್ಲಿ ಎಚ್‌2ಟೆಸ್ಟ್‌ಡಬ್ಲ್ಯು, ಲಿನಕ್ಸ್‌ನಲ್ಲಿ ಎಫ್3. ಎರಡೂ ಕಾರ್ಡ್ ತುಂಬ ಬರೆದು, ಮತ್ತೆ ಓದಿ ತಾಳೆ ನೋಡುತ್ತವೆ. 32 ಎಂದು ಅಚ್ಚಾಗಿದ್ದು ಒಳಗೆ 8 ಇರುವ ನಕಲಿ ಕಾರ್ಡಿನಲ್ಲಿ, ಕೊನೆಯಲ್ಲಿ ಕೂರುವ ಎಕ್ಸ್ಟ್4 ಪಾರ್ಟಿಷನ್ ಇಲ್ಲವೇ ಇಲ್ಲದ ಜಾಗದ ಮೇಲೆ ಬೀಳುತ್ತದೆ.

ಇನ್ನು ಕೆಲಸ. ಫೋನ್ ಆಫ್ ಮಾಡಿ ಕಾರ್ಡ್ ತೆಗೆದು ಕಾರ್ಡ್ ರೀಡರ್‌ಗೆ ಹಾಕಿ. ಫೋನಿಗೇ ಕೇಬಲ್ ಚುಚ್ಚಿದರೆ ಆಗದು, ಫೋನ್ ಬಳಸುವ ಎಂಟಿಪಿ ಎಂಬ ಸಂಪರ್ಕ ವಿಧಾನದಲ್ಲಿ ಫೈಲುಗಳು ಕಾಣುತ್ತವೆಯೇ ಹೊರತು ಡಿಸ್ಕ್ ಕಾಣುವುದಿಲ್ಲ. ಮಿನಿಟೂಲ್ ಪಾರ್ಟಿಷನ್ ವಿಝಾರ್ಡ್ ತೆರೆದು, ಗಾತ್ರ ನೋಡಿ ಕಾರ್ಡನ್ನು ಗುರುತಿಸಿ. 32 ಜಿಬಿ ಕಾರ್ಡ್ ಅಲ್ಲಿ 29ರ ಆಸುಪಾಸು ತೋರಿಸುತ್ತದೆ. ಇಲ್ಲಿ ಕಣ್ತಪ್ಪಿದರೆ ಕಂಪ್ಯೂಟರಿನ ಹಾರ್ಡ್ ಡಿಸ್ಕೇ ಹೋಗುತ್ತದೆ. ಹಳೆಯ ಪಾರ್ಟಿಷನ್ ಡಿಲೀಟ್ ಮಾಡಿ. ಸುಮಾರು 25 ಜಿಬಿಯ ಮೊದಲ ಪಾರ್ಟಿಷನ್ ಮಾಡಿ: ಪ್ರೈಮರಿ, ಫ್ಯಾಟ್32. ಉಳಿದ ಜಾಗದಲ್ಲಿ ಎರಡನೆಯದು: ಅದೂ ಪ್ರೈಮರಿ, ಎಕ್ಸ್ಟ್4. ಆಮೇಲೆ ಅಪ್ಲೈ. ಎರಡನೆಯದನ್ನು ಲಾಜಿಕಲ್ ಅಂತ ಬಿಟ್ಟರೆ ಲಿಂಕ್‌ಟುಎಸ್‌ಡಿಗೆ ಅದು ಸಿಗುವುದಿಲ್ಲ. ಕ್ರಮ ತಿರುವು ಮುರುವಾದರೆ ಫೋನ್ ಎಕ್ಸ್ಟ್4 ಅನ್ನು ನೋಡಿ ಕಾರ್ಡ್ ಹಾಳಾಗಿದೆ ಎನ್ನುತ್ತದೆ. ಪಾರ್ಟಿಷನ್ ಟೇಬಲ್ (ಕಾರ್ಡಿನ ಭಾಗಗಳ ಪಟ್ಟಿ) ಎಂಬಿಆರ್ ಇರಲಿ, ಜಿಪಿಟಿ ಬೇಡ.

ವಿಂಡೋಸ್ ಮಧ್ಯದಲ್ಲಿ ಬಾಯಿ ಹಾಕಿ "ಈ ಡಿಸ್ಕ್ ಫಾರ್ಮ್ಯಾಟ್ ಮಾಡಲೇ" ಅಂತ ಕೇಳಬಹುದು. ಅದಕ್ಕೆ ಎಕ್ಸ್ಟ್4 ಓದಲು ಬರುವುದಿಲ್ಲ, ಅಷ್ಟೇ. ಕ್ಯಾನ್ಸಲ್ ಒತ್ತಿ.

ಟಿಡಬ್ಲ್ಯುಆರ್‌ಪಿಯ ಅಡ್ವಾನ್ಸ್ಡ್ ಮೆನುವಿನಲ್ಲಿ ಪಾರ್ಟಿಷನ್ ಎಸ್‌ಡಿ ಕಾರ್ಡ್ ಅಂತಲೂ ಇದೆ. ಎಕ್ಸ್ಟ್ ಗಾತ್ರ 4096 ಎಂಬಿ, ಸ್ವಾಪ್ (ರ‍್ಯಾಮ್ ಸಾಲದಾಗ ಬಳಸುವ ಜಾಗ) 0 ಅಂತ ಕೊಟ್ಟರೆ ಅದೇ ಮಾಡಿಕೊಡುತ್ತದೆ. ಕಂಪ್ಯೂಟರ್ ಇಲ್ಲದವರಿಗೆ ಅದೇ ದಾರಿ. ಇಡೀ ಕಾರ್ಡ್ ಅಳಿಸಿಹೋಗುವುದು ಅಲ್ಲೂ ತಪ್ಪಿದ್ದಲ್ಲ.

ಕಾರ್ಡ್ ಹಾಕಿ ಫೋನ್ ಆನ್ ಮಾಡಿ. ಲಿಂಕ್‌ಟುಎಸ್‌ಡಿ ಕೇಳಿದಾಗ ಎಕ್ಸ್ಟ್4 ಆರಿಸಿ. ಮೌಂಟ್ ಸ್ಕ್ರಿಪ್ಟ್ (ಫೋನ್ ಆನ್ ಆದಾಗಲೆಲ್ಲ ಪಾರ್ಟಿಷನ್ ಜೋಡಿಸುವ ಆದೇಶಪಟ್ಟಿ) ಆಯಿತು ಎಂದ ಮೇಲೆ ಪೂರ್ತಿ ರೀಬೂಟ್ ಮಾಡಿ. ಸ್ಟೋರೇಜ್ ಮಾಹಿತಿಯಲ್ಲಿ ಎರಡನೇ ಪಾರ್ಟಿಷನ್‌ನ ಗಾತ್ರ ಕಂಡಮೇಲೆ ಒಂದೇ ಒಂದು ಆ್ಯಪ್ ಲಿಂಕ್ ಮಾಡಿ, ಇನ್ನೊಮ್ಮೆ ರೀಬೂಟ್ ಮಾಡಿ ಅದು ತೆರೆಯುತ್ತದೆಯೋ ನೋಡಿ. ಆಮೇಲೆ ಮಿಕ್ಕವು. ಕೀಬೋರ್ಡ್, ಲಾಂಚರ್, ಅಲಾರಂ, ವಿಜೆಟ್ ಇರುವ ಆ್ಯಪ್‌ಗಳನ್ನು ಮುಟ್ಟಬೇಡಿ.

ಅದೇ ಸದಸ್ಯರು: ಪಾರ್ಟಿಷನ್ ಆಯಿತು ಸರ್. ಆದರೆ ಮೌಂಟ್ ಸ್ಕ್ರಿಪ್ಟ್ ಮಾಡಲಾಗಲಿಲ್ಲ, ಇನ್‌ವ್ಯಾಲಿಡ್ ಆರ್ಗ್ಯುಮೆಂಟ್ ಅಂತ ಬಂತು. ಪಾರ್ಟಿಷನ್ ಮಾಡಿದ್ದು ಉಬುಂಟುವಿನ ಜಿಪಾರ್ಟೆಡ್‌ನಲ್ಲಿ.

ಉತ್ತರ: ಹಾಗಾದರೆ ಕಾರಣ ಬಹುತೇಕ ಅಲ್ಲೇ ಇದೆ. ಲಿನಕ್ಸ್‌ನಲ್ಲಿ ಎಕ್ಸ್ಟ್ ಪಾರ್ಟಿಷನ್ ಫಾರ್ಮ್ಯಾಟ್ ಮಾಡುವ ಇ2ಎಫ್‌ಎಸ್‌ಪ್ರಾಗ್ಸ್ ಎಂಬ ಸಾಫ್ಟ್‌ವೇರಿನ 1.43ರಿಂದ ಈಚೆಗೆ, ಎಕ್ಸ್ಟ್4 ಮಾಡುವಾಗ ಮೆಟಾಡೇಟಾ ಚೆಕ್‌ಸಮ್ ಮತ್ತು 64ಬಿಟ್ ಎಂಬ ಎರಡು ಸೌಲಭ್ಯ ತಾವಾಗಿಯೇ ಸೇರಿಕೊಳ್ಳುತ್ತವೆ. ನಿಮ್ಮ ಫೋನಿನ ಕರ್ನೆಲ್ (ಸಿಸ್ಟಮ್‌ನ ತಿರುಳು) 3.4. ಚೆಕ್‌ಸಮ್ ಇರುವ ಪಾರ್ಟಿಷನ್ ಮೇಲೆ ಬರೆಯಲು ಅದು ಒಪ್ಪುವುದಿಲ್ಲ. ಟರ್ಮಿನಲ್‌ನಲ್ಲಿ ಎಂಕೆಎಫ್‌ಎಸ್ ಕಮಾಂಡಿಗೆ ದೊಡ್ಡ ಅಕ್ಷರದ ಓ ಆಯ್ಕೆ ಕೊಟ್ಟು, ಈ ಎರಡೂ ಹೆಸರಿನ ಆರಂಭದಲ್ಲಿ ಕ್ಯಾರೆಟ್ (^) ಚಿಹ್ನೆ ಹಾಕಿ ಅವನ್ನು ಕಳಚಿ, ಎರಡನೇ ಪಾರ್ಟಿಷನ್ ಮಾತ್ರ ಮತ್ತೆ ಫಾರ್ಮ್ಯಾಟ್ ಮಾಡಿ. ಅದು ತಲೆನೋವೆನಿಸಿದರೆ ಅದೇ ಜಿಪಾರ್ಟೆಡ್‌ನಲ್ಲಿ ಎಕ್ಸ್ಟ್2 ಮಾಡಿ, ಆ್ಯಪ್‌ನಲ್ಲೂ ಎಕ್ಸ್ಟ್2 ಅಂತಲೇ ಆರಿಸಿ. ಎಕ್ಸ್ಟ್2ಗೆ ಜರ್ನಲ್ (ಬದಲಾವಣೆಗಳನ್ನು ಮೊದಲೇ ಬರೆದಿಡುವ ದಾಖಲೆ) ಇಲ್ಲ. ಬರವಣಿಗೆ ಕಡಿಮೆ, ಕಾರ್ಡಿಗೆ ಸವೆತವೂ ಕಡಿಮೆ. ಆದರೆ ಬ್ಯಾಟರಿ ಸತ್ತು ಫೋನ್ ದಿಢೀರನೆ ಆಫ್ ಆದರೆ ಪಾರ್ಟಿಷನ್ ಕೆಡುವ ಸಂಭವ ಹೆಚ್ಚು. ಹಾಗಾದಾಗ ಜಿಪಾರ್ಟೆಡ್‌ನ ಚೆಕ್ ಓಡಿಸಬೇಕು.

ಇದೇ ಜಾಗದಲ್ಲಿ ನೋ ಸಚ್ ಡಿವೈಸ್ ಅಂತ ಬಂದರೆ ಆ ಫೈಲ್ ಸಿಸ್ಟಮ್ ಕರ್ನೆಲ್‌ನಲ್ಲೇ ಇಲ್ಲ ಎಂದರ್ಥ, ಬೇರೆಯದು ಆರಿಸಿ. ಡಿವೈಸ್ ಬಿಝಿ ಅಂದರೆ ಅದಾಗಲೇ ಮೌಂಟ್ ಆಗಿದೆ, ರೀಬೂಟ್ ಸಾಕು.

ಇನ್ನೊಬ್ಬ ಸದಸ್ಯರು: ನನ್ನದರಲ್ಲಿ ಲಿಂಕ್ ಎಲ್ಲ ಸರಿಯಾಗಿ ಆಗುತ್ತೆ, ರೀಬೂಟ್ ಆದ ಮೇಲೆ ಐಕಾನ್‌ಗಳೇ ಮಾಯ. ರೂಟ್ ಮಾಡಿದ್ದು ಮ್ಯಾಜಿಸ್ಕ್‌ನಿಂದ.

ಉತ್ತರ: ಆಂಡ್ರಾಯ್ಡ್ 4.2ರಿಂದ ಈಚೆಗೆ ಪ್ರತಿ ಪ್ರೋಸೆಸ್ಸಿಗೂ ತನ್ನದೇ ಮೌಂಟ್ ನೇಮ್‌ಸ್ಪೇಸ್ (ತನಗೆ ಕಾಣುವ ಮೌಂಟ್‌ಗಳ ಪಟ್ಟಿ) ಇರಬಹುದು. ರೂಟ್ ಪಡೆದ ಆ್ಯಪ್ ಮಾಡಿದ ಮೌಂಟ್ ಅದಕ್ಕೆ ಮಾತ್ರ ಕಂಡು, ಮಿಕ್ಕ ಸಿಸ್ಟಮ್‌ಗೆ ಕಾಣದೇ ಹೋಗುತ್ತದೆ. ಮ್ಯಾಜಿಸ್ಕ್ ಸೆಟ್ಟಿಂಗ್ಸ್‌ನಲ್ಲಿ ಮೌಂಟ್ ನೇಮ್‌ಸ್ಪೇಸ್ ಮೋಡ್ ಅನ್ನು ಗ್ಲೋಬಲ್ ಮಾಡಿ. ರೂಟ್‌ಗೆ ಸೂಪರ್‌ಎಸ್‌ಯು ಇರುವವರು ಮೌಂಟ್ ನೇಮ್‌ಸ್ಪೇಸ್ ಸೆಪರೇಷನ್‌ನ ಟಿಕ್ ತೆಗೆಯಿರಿ. ನಂತರ ಲಿಂಕ್‌ಟುಎಸ್‌ಡಿ ಮೆನುವಿನಲ್ಲಿ ಮೌಂಟ್ ಸ್ಕ್ರಿಪ್ಟ್ ಮತ್ತೆ ಮಾಡಿಸಿ, ರೀಬೂಟ್ ಮಾಡಿ. ಹೊಸ ರಾಮ್ (ಫೋನಿನ ಇಡೀ ಸಿಸ್ಟಮ್ ಸಾಫ್ಟ್‌ವೇರ್) ಹಾಕಿದರೂ ಸ್ಕ್ರಿಪ್ಟ್ ಹೋಗಿರುತ್ತದೆ, ಆಗಲೂ ಇದನ್ನೇ ಮಾಡಬೇಕು.

ಮತ್ತೊಬ್ಬರು: ರ‍್ಯಾಮ್ ಬರೀ 1 ಜಿಬಿ. ಮೂರನೇ ಪಾರ್ಟಿಷನ್ ಸ್ವಾಪ್ ಮಾಡಿದರೆ ಫೋನ್ ಚುರುಕಾಗುತ್ತಾ?

ಉತ್ತರ: ಇಲ್ಲ, ಇನ್ನೂ ಎಳೆದಾಡುತ್ತದೆ. ಸ್ವಾಪ್‌ಗೆ ಬೇಕಾದದ್ದು ಚಿಕ್ಕ ಚಿಕ್ಕ ತುಣುಕುಗಳನ್ನು ಬೇಗ ಬರೆಯುವ ಶಕ್ತಿ. ಕಾರ್ಡ್ ಮೇಲಿನ ಕ್ಲಾಸ್ 10 ಅಂದರೆ ಸಾಲಾಗಿ ಬರೆಯುವಾಗ ಸೆಕೆಂಡಿಗೆ 10 ಎಂಬಿ, ವಿಡಿಯೋಗೆ ಒಗ್ಗುವ ಅಳತೆ ಅದು. ಆ್ಯಪ್‌ಗಳಿಗೆ ನೋಡಬೇಕಾದದ್ದು ಎ1 ಗುರುತು: ಸೆಕೆಂಡಿಗೆ ಕನಿಷ್ಠ 1500 ಬಿಡಿ ಓದು, 500 ಬಿಡಿ ಬರಹ. ಸ್ವಾಪ್‌ಗೆ ಅದೂ ಸಾಲದು, ಮೇಲಾಗಿ ಕಾರ್ಡ್ ಬೇಗ ಸವೆಯುತ್ತದೆ. ಕರ್ನೆಲ್‌ನಲ್ಲಿ ಝಡ್‌ರ‍್ಯಾಮ್ (ಮೆಮೊರಿಯಲ್ಲೇ ಒತ್ತಿ ಇಡುವ ಸ್ವಾಪ್) ಇದ್ದರೆ ಅದನ್ನು ಆನ್ ಮಾಡಿಕೊಳ್ಳಿ.

ಇನ್ನೊಂದು ಪ್ರಶ್ನೆ: ಆಂಡ್ರಾಯ್ಡ್ 7 ಫೋನಿಗೂ ಇದೇನಾ? ರೂಟ್ ಮಾಡೋಕೆ ಮನಸ್ಸಿಲ್ಲ.

ಉತ್ತರ: ಬೇಡವೇ ಬೇಡ. ರೂಟ್ ಆದ ಫೋನಿನಲ್ಲಿ ಎಷ್ಟೋ ಬ್ಯಾಂಕ್ ಆ್ಯಪ್‌ಗಳು ತೆರೆಯುವುದೂ ಇಲ್ಲ. 6.0ರಿಂದ ಅಡಾಪ್ಟಬಲ್ ಸ್ಟೋರೇಜ್, ಅಂದರೆ ಕಾರ್ಡನ್ನೇ ಒಳಗಿನ ಸ್ಟೋರೇಜ್ ಆಗಿ ಬಳಸುವ ಸೌಲಭ್ಯ, ಬಂದಿದೆ. ಫಾರ್ಮ್ಯಾಟ್ ಆ್ಯಸ್ ಇಂಟರ್ನಲ್ ಅಂತ ಸೆಟ್ಟಿಂಗ್ಸ್‌ನಲ್ಲೇ ಇರುತ್ತದೆ. ಕೆಲವು ತಯಾರಕರು ಆ ಆಯ್ಕೆ ಮುಚ್ಚಿಟ್ಟಿರುತ್ತಾರೆ. ಆಗ ಕಂಪ್ಯೂಟರಿನಿಂದ ಫೋನಿಗೆ ಆದೇಶ ಕೊಡುವ ಎಡಿಬಿ ಶೆಲ್‌ನಿಂದ ಎಸ್‌ಎಂ ಪಾರ್ಟಿಷನ್ ಕಮಾಂಡಿಗೆ ಡಿಸ್ಕ್ ಸಂಖ್ಯೆ ಕೊಟ್ಟು, ಮಿಕ್ಸ್ಡ್ 50 ಎಂದರೆ ಅರ್ಧ ಹಾಡು, ಫೋಟೋಗೆ, ಉಳಿದರ್ಧ ಆ್ಯಪ್‌ಗೆ. ಇಲ್ಲಿ ಡೇಟಾವೂ ಸಾಗುತ್ತದೆ, ಅದೇ ಲಾಭ. ಆದರೆ ಆ್ಯಪ್ ಭಾಗ ಎನ್‌ಕ್ರಿಪ್ಟ್ ಆಗಿ, ಕೀಲಿ ಫೋನಿನೊಳಗೇ ಉಳಿಯುತ್ತದೆ. ಫ್ಯಾಕ್ಟರಿ ರೀಸೆಟ್ ಮಾಡಿದರೆ ಕೀಲಿ ಹೋಯಿತು, ಕಾರ್ಡಿನ ಆ ಭಾಗ ಯಾರಿಗೂ ತೆರೆಯದು.

6.0 ನಂತರದ ಫೋನಿನಲ್ಲಿ ಲಿಂಕ್‌ಟುಎಸ್‌ಡಿ ಬಳಸುವವರಿಗೆ ಒಂದು ಮಾತು: ಸೆಟ್ಟಿಂಗ್ಸ್‌ನಿಂದ ಕಾರ್ಡ್ ಫಾರ್ಮ್ಯಾಟ್ ಮಾಡಿದರೆ ಪಾರ್ಟಿಷನ್ ಟೇಬಲ್ ಹೊಸದಾಗಿ ಬರೆಯಲ್ಪಡುತ್ತದೆ, ಎಕ್ಸ್ಟ್4 ಸಮೇತ ಹೋಗುತ್ತದೆ.

ಮೊದಲ ಸದಸ್ಯರು: ಎಕ್ಸ್ಟ್2 ಮಾಡಿದೆ, ಲಿಂಕ್ ಆಗ್ತಿದೆ ಸರ್. ಆದರೆ ಹೊಸ ಆ್ಯಪ್ ಹಾಕುವಾಗ ಇನ್ನೂ ಜಾಗ ಇಲ್ಲ ಅನ್ನುತ್ತೆ. ಮುಂದೆ 64 ಜಿಬಿ ಕಾರ್ಡಿಗೆ ಹೋಗೋದು ಹೇಗೆ?

ಉತ್ತರ: ಆ್ಯಪ್ ಮೊದಲು ಒಳಗೇ ಇನ್‌ಸ್ಟಾಲ್ ಆಗಿ ಆಮೇಲೆ ಸಾಗುತ್ತದೆ, ಅಪ್‌ಡೇಟ್ ಬಂದಾಗಲೂ ಹಾಗೇ. ಒಳಗೆ 400, 500 ಎಂಬಿ ಸದಾ ಖಾಲಿ ಇರಲಿ. ಹೊಸ ಆ್ಯಪ್ ತಾನಾಗಿ ಸಾಗುವಂತೆ ಆಟೋಲಿಂಕ್ ಆನ್ ಮಾಡಿ, ಕ್ಯಾಶೆ ಆಗಾಗ ಅಳಿಸುತ್ತಿರಿ.

ಈ ಫೋನಿಗೆ ಅಧಿಕೃತ ಮಿತಿ 32 ಜಿಬಿ. ಅದಕ್ಕಿಂತ ದೊಡ್ಡ ಕಾರ್ಡ್ ಹಾಕುವುದಾದರೆ ಮೊದಲ ಪಾರ್ಟಿಷನ್ ಎಕ್ಸ್‌ಫ್ಯಾಟ್ ಬಿಟ್ಟು ಫ್ಯಾಟ್32 ಇರಲಿ. ಬದಲಿಸುವಾಗ ವಿಂಡೋಸ್‌ನಲ್ಲಿ ಫೈಲ್ ಎಳೆದು ನಕಲು ಮಾಡಿದರೆ ಎರಡನೇ ಪಾರ್ಟಿಷನ್ ಬರುವುದಿಲ್ಲ. ವಿನ್32 ಡಿಸ್ಕ್ ಇಮೇಜರ್‌ನಲ್ಲಿ ಹಳೆ ಕಾರ್ಡನ್ನು ಇಡಿಯಾಗಿ ಇಮೇಜ್ ಫೈಲ್ ಆಗಿ ಓದಿಸಿ, ಹೊಸದಕ್ಕೆ ಬರೆಯಿರಿ. ಕೊನೆಯಲ್ಲಿ ಉಳಿಯುವ ಖಾಲಿ ಜಾಗಕ್ಕೆ ಜಿಪಾರ್ಟೆಡ್‌ನಲ್ಲಿ ಎರಡನೇ ಪಾರ್ಟಿಷನ್ ಅನ್ನು ಬಲಕ್ಕೆ ಸರಿಸಿ, ಆಮೇಲೆ ಫ್ಯಾಟ್32 ಅನ್ನು ಹಿಗ್ಗಿಸಿ. ಹಳೆ ಕಾರ್ಡನ್ನು ಒಂದು ವಾರ ಅಳಿಸದೆ ಇಟ್ಟುಕೊಳ್ಳಿ.